ಗಾಳಿಯ ದೀಪವೂ ಅದರ ದುರಸ್ತಿಯೂ

“ಗಾಳಿ ಬಂದಾಗ ತೂರಿಕೋ” ಎಂಬ ಗಾದೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಕಣದಲ್ಲಿ ರಾಶಿಯ ಮುಂದೆ ಮೊರ ಹಿಡಿದು ನಿಂತ ಒಕ್ಕಲಿಗನಿಗೆ ಆ ಮಾತು ಸಾಕು. ಗಾಳಿ ಬೀಸಿದರೆ ತೂರುವನು. ನಿಂತರೆ ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುವನು. ಅದೇ ಗಾಳಿಯಿಂದ ಮನೆಗೆ ದೀಪ ಹೊತ್ತಿಸಬೇಕೆಂದವನಿಗೆ ಮಾತ್ರ ಈ ಗಾದೆ ಸಾಲದು. ದೀಪ ಬೇಕಾಗುವುದು ಕತ್ತಲೆಯಾದಾಗ. ಗಾಳಿ ಬರುವುದು ತನಗೆ ಮನಸ್ಸು ಬಂದಾಗ.

ಕಳೆದ ಆಷಾಢದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದಿದ್ದನು. ಚಿತ್ರದುರ್ಗದ ಕಡೆಯ ಬೆಟ್ಟಸಾಲಿನ ಮಗ್ಗುಲಲ್ಲಿ ಅವನ ತೋಟ. ಬೆಟ್ಟದ ಮೇಲೆ ದೊಡ್ಡ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದರೂ ಅವುಗಳ ವಿದ್ಯುತ್ತು ಎತ್ತರದ ತಂತಿಗಳಲ್ಲಿ ಎಲ್ಲಿಗೋ ಹರಿದುಹೋಗುವುದಲ್ಲದೆ ಆ ತೋಟದ ಮನೆಗೆ ಇಳಿಯುವುದಿಲ್ಲ. ಆದುದರಿಂದ ಅವನು ತಾನೇ ಒಂದು ಕಂಬವನ್ನು ನೆಟ್ಟು, ಬಡಗಿಯಿಂದ ಮರದ ಮೂರು ರೆಕ್ಕೆಗಳನ್ನು ಕೆತ್ತಿಸಿ, ಸಣ್ಣದೊಂದು ಯಂತ್ರವನ್ನು ಕಟ್ಟಿಕೊಂಡಿದ್ದನು. “ಮೇಷ್ಟ್ರೇ, ಚಕ್ರವೇನೋ ಗಿರ್ರನೆ ತಿರುಗುತ್ತದೆ. ದೀಪ ಮಾತ್ರ ಹತ್ತಿದ ಗಳಿಗೆಯಲ್ಲೇ ಮಂಕಾಗುತ್ತದೆ. ತಾವು ಪುಸ್ತಕಗಳನ್ನು ಕಂಡವರು, ದೋಷವೆಲ್ಲಿದ್ದೀತು?” ಎಂದು ಕೇಳಿದನು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿ, ಮಕ್ಕಳಿಗೆ ಭಾಷೆಯನ್ನೂ ಚರಿತ್ರೆಯನ್ನೂ ಹೇಳಿಕೊಟ್ಟು ನಿವೃತ್ತನಾದವನು ಏನು ಉತ್ತರ ಹೇಳಿಯಾನು? ಆದರೂ ಶಿಷ್ಯನು ಕೇಳಿದ ಪ್ರಶ್ನೆ. ಅದರ ಉತ್ತರವನ್ನು ಅರಸುತ್ತ ಹೋದವನಿಗೆ ಒಂದು ಚರಿತ್ರೆಯೇ ಕೈಗೆ ಸಿಕ್ಕಿತು. ಅದನ್ನು ಈ ಪತ್ರಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ಅಮರಕೋಶವು ವಾಯುವಿಗೆ ಹೇಳಿರುವ ಹೆಸರುಗಳಲ್ಲಿ ‘ಸದಾಗತಿ’ ಎಂಬುದೊಂದು, ‘ಪ್ರಭಂಜನ’ ಎಂಬುದೊಂದು. ಎಂದಿಗೂ ಚಲಿಸುತ್ತಿರುವವನು, ಮುರಿದುಹಾಕುವವನು ಎಂದು ಅರ್ಥ. ಬಾಲ್ಯದಲ್ಲಿ ಇವನ್ನು ಬಾಯಿಪಾಠ ಮಾಡಿದಾಗ ಇವೆರಡರ ನಡುವೆ ಒಂದು ಗೃಹಸ್ಥನ ಸಂಕಟ ಅಡಗಿದೆಯೆಂದು ನನಗೆ ತೋರಿರಲಿಲ್ಲ. ವಾಯುವು ನಿಜವಾಗಿ ಸದಾಗತಿಯಾಗಿದ್ದರೆ ಬ್ಯಾಟರಿಗಳ ಹಂಗೇ ಇರುತ್ತಿರಲಿಲ್ಲ. ಅವನು ಆಗಾಗ ಪ್ರಭಂಜನನಾಗದಿದ್ದರೆ ಚಕ್ರವನ್ನು ತಡೆಯುವ ಉಪಾಯಗಳು ಬೇಕಾಗುತ್ತಿರಲಿಲ್ಲ. ಗಾಳಿಯಿಂದ ದೀಪ ಹೊತ್ತಿಸಲು ಹೊರಟವರೆಲ್ಲರೂ ಹೆಣಗಿದುದು ಈ ಎರಡರೊಡನೆಯೇ. ಚಕ್ರವನ್ನು ತಿರುಗಿಸುವುದು ಅವರಲ್ಲಿ ಯಾರಿಗೂ ಬಹಳ ಕಷ್ಟವಾದಂತೆ ಕಾಣುವುದಿಲ್ಲ.

ಮೊದಲು ಸ್ಕಾಟ್ಲೆಂಡಿಗೆ ಹೋಗೋಣ. ಜೇಮ್ಸ್ ಬ್ಲೈತ್ ಎಂಬವರು ಗ್ಲಾಸ್ಗೋ ನಗರದ ಆಂಡರ್ಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1887ನೆಯ ಇಸವಿಯ ಜುಲೈ ತಿಂಗಳಲ್ಲಿ ತಮ್ಮ ಹುಟ್ಟೂರಾದ ಮೇರಿಕರ್ಕ್ ಗ್ರಾಮದಲ್ಲಿದ್ದ ರಜಾಕಾಲದ ಮನೆಯ ಹಿತ್ತಿಲಲ್ಲಿ ಬಟ್ಟೆಯ ಹಾಯಿಗಳನ್ನು ಕಟ್ಟಿದ, ಸುಮಾರು 33 ಅಡಿ ಎತ್ತರದ ಯಂತ್ರವನ್ನು ನಿಲ್ಲಿಸಿದರು. ಅದು ಹುಟ್ಟಿಸಿದ ವಿದ್ಯುತ್ತನ್ನು ಫಾರ್ ಎಂಬ ಫ್ರೆಂಚ್ ವಿಜ್ಞಾನಿಯು ರೂಪಿಸಿದ ಸೀಸದ ಬ್ಯಾಟರಿಗಳಲ್ಲಿ ತುಂಬಿಟ್ಟು ಮನೆಗೆ ದೀಪ ಹಾಕಿಕೊಂಡರು. ಮಿಕ್ಕ ವಿದ್ಯುತ್ತಿನಿಂದ ಊರಿನ ಬೀದಿಗೂ ಬೆಳಕು ಕೊಡುವೆನೆಂದರೆ, ಇದು ಸೈತಾನನ ಕೆಲಸವೆಂದು ಊರಿನವರು ಒಲ್ಲೆನೆಂದರಂತೆ! ಈ ಕಥೆ ಎಲ್ಲರಿಗೂ ರುಚಿಸುವುದು. ನನಗೆ ಹೆಚ್ಚು ಹಿಡಿಸಿದುದು ಬೇರೆ. ಬ್ಲೈತರು ಮೊದಲ ಯಂತ್ರದಿಂದ ತೃಪ್ತರಾಗಲಿಲ್ಲ. ಬಿರುಗಾಳಿ ಎದ್ದಾಗ ಹಾಯಿಗಳನ್ನು ಇಳಿಸಲು ಯಾರಾದರೊಬ್ಬರು ಕಾದಿರಬೇಕಾದರೆ ಅದು ಗೃಹೋಪಯೋಗಿಯಾದ ಯಂತ್ರವೆನಿಸದು. ಆದುದರಿಂದ ಅವರು ಅದರ ರೂಪವನ್ನೇ ಬದಲಿಸುತ್ತ ಹೋಗಿ, ಕಡೆಗೆ ನೆಟ್ಟಗೆ ನಿಂತ ಕಂಬದ ಸುತ್ತ ಅರೆಗೊಳವೆಯಾಕಾರದ ಪೆಟ್ಟಿಗೆಗಳು ಸುತ್ತುವಂತೆ ಮಾಡಿದರು. ಮುಂದೆ ಬರುವ ಪೆಟ್ಟಿಗೆಯ ಬಾಯನ್ನು ಗಾಳಿ ನೂಕಿದರೆ, ಮರಳುವ ಪೆಟ್ಟಿಗೆಯ ಬೆನ್ನಿಗೆ ಅದೇ ಗಾಳಿ ಅಡ್ಡವಾಗುವುದು. ಹೀಗೆ ವೇಗವು ತಾನಾಗಿಯೇ ಮಿತಿಯಲ್ಲಿರುವುದು. ಅಂತಹ ಯಂತ್ರವೊಂದನ್ನು ಮಾಂಟ್ರೋಸ್ ಊರಿನ ಮನೋರೋಗಿಗಳ ಆಸ್ಪತ್ರೆಗೂ ಕಟ್ಟಿಕೊಟ್ಟರು.

ಅದೇ ಕಾಲದಲ್ಲಿಯೇ, 1888ರ ಸುಮಾರಿಗೆ, ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಚಾರ್ಲ್ಸ್ ಬ್ರಷ್ ಎಂಬ ಧನಿಕನು ತನ್ನ ಸೌಧದ ಹಿಂದೆ ಒಂದು ದೈತ್ಯಯಂತ್ರವನ್ನು ಎಬ್ಬಿಸಿದನು. 60 ಅಡಿಯ ಗೋಪುರ, 56 ಅಡಿ ಅಡ್ಡಗಲದ ಚಕ್ರ, ಅದಕ್ಕೆ ಸೀಡರ್ ಮರದ 144 ರೆಕ್ಕೆಗಳು. ನೆಲಮಾಳಿಗೆಯಲ್ಲಿ ಬ್ಯಾಟರಿಯ 408 ಕೋಶಗಳು. ಈತನು ಸಾಮಾನ್ಯನಲ್ಲ, ನಗರಗಳ ಬೀದಿಗಳಿಗೆ ಆರ್ಕ್ ದೀಪಗಳನ್ನು ಒದಗಿಸಿ ಹೆಸರಾದ ಯಂತ್ರಶಿಲ್ಪಿ. ಇಪ್ಪತ್ತು ವರ್ಷಗಳವರೆಗೆ ಅವನ ಮನೆಯನ್ನು ಅದು ಬೆಳಗಿತು. 1890ರ ಡಿಸೆಂಬರಿನಲ್ಲಿ ಇದನ್ನು ವರ್ಣಿಸಿದ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಒಂದು ಎಚ್ಚರಿಕೆಯನ್ನೂ ಸೇರಿಸಿತು: ಗಾಳಿಗೆ ಬೆಲೆಯಿಲ್ಲವೆಂದು ಈ ಬೆಳಕನ್ನು ಅಗ್ಗವೆಂದು ಓದುಗರು ತಿಳಿಯಬಾರದು, ಯಂತ್ರಸಾಮಗ್ರಿಯ ವೆಚ್ಚವು ಆ ಉಳಿತಾಯವನ್ನು ನುಂಗಿಬಿಡುವುದು ಎಂದು. ನನ್ನ ಶಿಷ್ಯನಿಗೆ ಇದನ್ನು ಓದಿ ಹೇಳಿದಾಗ ಅವನು ನಕ್ಕು, “ಇದು ನನಗೆ ಮೊದಲೇ ತಿಳಿದಿದ್ದರೆ!” ಎಂದನು.

ಯಂತ್ರವನ್ನು ಕಟ್ಟಿದವನೇ ಮನೆಯೊಡೆಯನಾಗಿದ್ದರೆ ಕೆಟ್ಟಾಗ ಸರಿಪಡಿಸಿಕೊಳ್ಳುವನು. ಬ್ಲೈತರಿಗೂ ಬ್ರಷ್ಷನಿಗೂ ಆ ಭಾಗ್ಯವಿದ್ದಿತು. ಡೈನಮೊ ಎಂದರೇನೆಂದೇ ತಿಳಿಯದ ರೈತನ ಮನೆಯಲ್ಲಿ ಅದು ಕೆಟ್ಟರೆ ಗತಿಯೇನು? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಡೆನ್ಮಾರ್ಕ್ ದೇಶದ ಪೌಲ್ ಲಾ ಕೂರ್. ಅವರು ಉಪಾಧ್ಯಾಯರಾಗಿದ್ದರೆಂಬುದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

1846ರಲ್ಲಿ ಹುಟ್ಟಿದ ಲಾ ಕೂರರು ಮೊದಲು ಹವಾಮಾನದ ಇಲಾಖೆಯಲ್ಲಿದ್ದು, 1878ರಲ್ಲಿ ಆಸ್ಕೋವ್ ಎಂಬ ಹಳ್ಳಿಯ ಜನತಾವಿದ್ಯಾಲಯಕ್ಕೆ ಬಂದರು. ರೈತರ ಮಕ್ಕಳು ಬಂದು, ಪರೀಕ್ಷೆಯ ಭಯವಿಲ್ಲದೆ ಕಲಿತುಹೋಗುವ ಶಾಲೆ ಅದು. ಅಲ್ಲಿ 1891ರಲ್ಲಿ ಸರ್ಕಾರದ ಸಹಾಯಧನದಿಂದ ಅವರು ಒಂದು ಗಾಳಿಗಿರಣಿಗೆ ಡೈನಮೊಗಳನ್ನು ಜೋಡಿಸಿದರು. ಗಾಳಿಯ ಬಲವು ಕ್ಷಣಕ್ಷಣಕ್ಕೂ ಏರಿಳಿಯುವುದಷ್ಟೆ. ಅದನ್ನು ಸಮಗೊಳಿಸಲು ‘ಕ್ರಾಟೋಸ್ಟಾಟ್’ ಎಂಬ ಉಪಕರಣವನ್ನು ಕಲ್ಪಿಸಿದರು. ಅದರ ತತ್ತ್ವವು ಹಳ್ಳಿಯವನಿಗೂ ತಿಳಿಯುವಂತಹುದು: ಡೈನಮೊವನ್ನು ಎಳೆಯುವ ಪಟ್ಟಿಯ ಬಿಗಿತವು ಒಂದು ತೂಕದ ವಶದಲ್ಲಿರುವುದು, ಗಾಳಿಯ ಬಲ ಆ ತೂಕವನ್ನು ಮೀರಿದರೆ ಪಟ್ಟಿ ಜಾರುವುದು, ಹೆಚ್ಚಿನ ಬಲ ಡೈನಮೊವನ್ನು ಮುಟ್ಟುವುದೇ ಇಲ್ಲ. ಗಾಳಿ ನಿಂತಾಗ ಮತ್ತೊಂದು ತೊಡಕು. ಚಕ್ರ ನಿಧಾನವಾದೊಡನೆ ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿದು ಡೈನಮೊವನ್ನೇ ತಿರುಗಿಸತೊಡಗುವುದು. ರಾತ್ರಿಯೆಲ್ಲ ಕೂಡಿಟ್ಟುದು ಬೆಳಗಾಗುವುದರೊಳಗೆ ವ್ಯರ್ಥ. ಇದನ್ನು ತಡೆಯಲು ಒತ್ತಡ ಇಳಿದಾಗ ತಾನಾಗಿ ಸಂಬಂಧವನ್ನು ಕಡಿಯುವ ಕೀಲಿಯನ್ನು ಮಾಡಿದರು.

ಬ್ಯಾಟರಿಯ ಬೆಲೆಗೆ ಅಂಜಿ ಅವರು ಮೊದಲಲ್ಲಿ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಜಲಜನಕ ವಾಯುವನ್ನು ಕೂಡಿಟ್ಟು, ಅದರಿಂದಲೇ 1895ರಿಂದ ಕೆಲವು ವರ್ಷ ಶಾಲೆಗೆ ದೀಪ ಉರಿಸಿದುದೂ ಉಂಟು. ಜಲಜನಕದಲ್ಲಿ ಆಮ್ಲಜನಕ ಬೆರೆತರೆ ಸ್ಫೋಟವಾಗುವುದು. ಶಾಲೆಯ ಕಿಟಕಿಗಳ ಗಾಜುಗಳನ್ನು ಹಲವು ಬಾರಿ ಹೊಸದಾಗಿ ಹಾಕಿಸಬೇಕಾಯಿತು! ನಮ್ಮ ಕಾಲದ ಯಾವ ಆಡಳಿತಮಂಡಳಿಯೂ ಅಂತಹ ಮೇಷ್ಟರನ್ನು ಎರಡನೆಯ ಗಾಜು ಒಡೆಯುವವರೆಗೆ ಇಟ್ಟುಕೊಳ್ಳುತ್ತಿರಲಿಲ್ಲವೆಂದು ನನ್ನ ಭಾವನೆ. ಅವರನ್ನು ಇಟ್ಟುಕೊಂಡರು, ಅವರೂ ಕೊನೆಗೆ ಬ್ಯಾಟರಿಯ ಮಾರ್ಗಕ್ಕೇ ಬಂದರು.

ಯಂತ್ರಗಳ ಬಳಿಕ ಅವರು ಮಾಡಿದ ಕೆಲಸವೇ ನನ್ನ ದೃಷ್ಟಿಯಲ್ಲಿ ದೊಡ್ಡದು. 1903ರಲ್ಲಿ ಗಾಳಿವಿದ್ಯುತ್ತಿಗಾಗಿ ಒಂದು ಸಂಘ ಸ್ಥಾಪಿತವಾಯಿತು. ಮರುವರ್ಷದಿಂದ ಆಸ್ಕೋವಿನಲ್ಲಿ ಹಳ್ಳಿಯ ಹುಡುಗರಿಗೆ ವಿದ್ಯುತ್ತಿನ ಕೆಲಸವನ್ನು ಕಲಿಸುವ ತರಗತಿಗಳು ಆರಂಭವಾದವು. ತಂತಿ ಎಳೆಯುವುದು, ಬ್ಯಾಟರಿ ನೋಡಿಕೊಳ್ಳುವುದು, ಕೆಟ್ಟ ಡೈನಮೊವನ್ನು ಬಿಚ್ಚಿ ಕಟ್ಟುವುದು—ಇವನ್ನು ಕಲಿತ ಹುಡುಗರು ತಮ್ಮ ತಮ್ಮ ಊರುಗಳಿಗೆ ಮರಳಿದರು. ಲಾ ಕೂರರು 1908ರಲ್ಲಿ ತೀರಿಕೊಂಡರು. ಮೊದಲನೆಯ ಮಹಾಯುದ್ಧದಲ್ಲಿ ಎಣ್ಣೆಯ ಅಭಾವವುಂಟಾದಾಗ ಡೆನ್ಮಾರ್ಕಿನ ಹಳ್ಳಿಗಳು ಗಾಳಿಯ ಚಕ್ರಗಳನ್ನು ನೆಚ್ಚಿ ನಿಂತುವು. 1918ರ ವೇಳೆಗೆ ಸುಮಾರು 120 ಸ್ಥಳೀಯ ವಿದ್ಯುತ್ಕೇಂದ್ರಗಳಲ್ಲಿ ಅವು ತಿರುಗುತ್ತಿದ್ದುವು. ದುರಸ್ತಿ ಬಲ್ಲವನು ಊರಿನಲ್ಲೇ ಇಲ್ಲದಿದ್ದರೆ ಇದು ಹೇಗೆ ಸಾಧ್ಯವಾಗುತ್ತಿದ್ದಿತು?

1904ರ ತರಗತಿಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನಿದ್ದನು, ಯೋಹಾನೆಸ್ ಯೂಲ್ ಎಂದು ಹೆಸರು. ಐವತ್ತಕ್ಕೂ ಹೆಚ್ಚು ವರ್ಷಗಳ ತರುವಾಯ, 1957ರಲ್ಲಿ, ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟಿನ ಮೂರು ರೆಕ್ಕೆಯ ಯಂತ್ರವನ್ನು ಕಟ್ಟಿದವರು ಇವರೇ. ವೇಗ ಮಿತಿಮೀರಿದಾಗ ರೆಕ್ಕೆಗಳ ತುದಿಗಳು ತಾವಾಗಿಯೇ ತಿರುಗಿ ಗಾಳಿಗೆ ಅಡ್ಡ ನಿಂತು ಚಕ್ರವನ್ನು ತಡೆಯುವುದು ಅದರ ವಿಶೇಷ. ಹತ್ತು ವರ್ಷಗಳ ಕಾಲ ಹೆಚ್ಚಿನ ಉಪಚಾರವಿಲ್ಲದೆ ನಡೆದು 1967ರಲ್ಲಿ ನಿಂತಿತು. ಎಣ್ಣೆಯ ಬೆಲೆ ಏರಿದ ಬಳಿಕ, 1970ರ ದಶಕದಲ್ಲಿ, ಅಮೆರಿಕದವರು ಹಣ ಕೊಟ್ಟು ಅದೇ ಹಳೆಯ ಯಂತ್ರವನ್ನು ರಿಪೇರಿ ಮಾಡಿಸಿ, ತಿರುಗಿಸಿ, ಅದರಿಂದ ಪಾಠ ಕಲಿತರು.

ಆ ಅಮೆರಿಕದವರಿಗೂ ಮೊದಲು ಸ್ವಂತ ವಿದ್ಯೆಯಿದ್ದಿತು. 1920ರ ದಶಕದಲ್ಲಿ ಮೊಂಟಾನಾ ಸೀಮೆಯ ಬಯಲಿನ ಒಂಟಿಮನೆಗಳಿಗೆ ವಿದ್ಯುತ್ತು ದೂರದ ಮಾತು. ಅಲ್ಲಿ ಜೇಕಬ್ಸ್ ಸಹೋದರರು ನೀರೆತ್ತುವ ಗಾಳಿಯಂತ್ರದ ಚಕ್ರಕ್ಕೆ ಮೋಟಾರುಗಾಡಿಯ ಭಾಗಗಳನ್ನು ಜೋಡಿಸಿ ಪ್ರಯೋಗಮಾಡಿದರು. ಬಹು ರೆಕ್ಕೆಯ ಆ ಚಕ್ರಕ್ಕೆ ಡೈನಮೊವಿಗೆ ಬೇಕಾದ ವೇಗವಿರಲಿಲ್ಲ. ವಿಮಾನದ ತರಹದ ಎರಡು ರೆಕ್ಕೆಗಳನ್ನು ಹಾಕಿದರು. ವೇಗ ಬಂದಿತು, ಜತೆಗೆ ನಡುಕವೂ ಬಂದಿತು. ಕಾರಣವನ್ನು ಮಾರ್ಸೆಲಸ್ ಜೇಕಬ್ಸರು ಚೆನ್ನಾಗಿ ಕಂಡುಹಿಡಿದರು. ಗಾಳಿಯ ದಿಕ್ಕು ಬದಲಿದಾಗ ಬಾಲವು ಯಂತ್ರವನ್ನು ಅತ್ತ ತಿರುಗಿಸಬೇಕಷ್ಟೆ. ಎರಡು ರೆಕ್ಕೆಗಳು ನೆಟ್ಟಗೆ ಮೇಲೆಕೆಳಗೆ ನಿಂತಾಗ ಆ ತಿರುಗುವಿಕೆಗೆ ತಡೆಯಿಲ್ಲ. ಅಡ್ಡಲಾಗಿ ಚಾಚಿದಾಗ ಬಹಳ ತಡೆ. ಹೀಗೆ ಪ್ರತಿ ಸುತ್ತಿಗೂ ಎರಡೆರಡು ಬಾರಿ ಜಗ್ಗಿ ಜಗ್ಗಿ ತಿರುಗಿ, ಕಡೆಗೆ ಏನಾದರೊಂದು ಮುರಿಯುವುದು. ಮೂರು ರೆಕ್ಕೆಗಳನ್ನಿಟ್ಟರೆ ಆ ತಡೆ ಎಲ್ಲ ನೆಲೆಯಲ್ಲಿಯೂ ಸಮ. ಮೂರು ರೆಕ್ಕೆಯ ಅವರ ಯಂತ್ರಗಳು ಬಾಳಿಕೆಗೆ ಹೆಸರಾದುವು. 1936ರಲ್ಲಿ ಗ್ರಾಮಗಳಿಗೆ ವಿದ್ಯುತ್ತನ್ನು ಒದಗಿಸುವ ಕಾಯಿದೆಯಾಗಿ ತಂತಿಗಳು ಹೊಲದಂಚಿಗೆ ಬಂದ ಮೇಲೆ ಅವು ಕೊಟ್ಟಿಗೆ ಸೇರಿದುವು. ಯಂತ್ರಗಳ ಜತೆಗೆ ದುರಸ್ತಿಯ ವಿದ್ಯೆಯೂ ಕೊಟ್ಟಿಗೆ ಸೇರಿತೆನ್ನಬೇಕು. 1970ರ ದಶಕದ ತರುಣರು ಅವನ್ನು ಹೊರಕ್ಕೆಳೆದು, ಒಂದೊಂದೇ ತಿರುಪು ಬಿಚ್ಚಿ, ಹೊಸದಾಗಿ ಕಲಿಯಬೇಕಾಯಿತು.

ಕಲಿಸುವವರೇ ಇಲ್ಲದೆ ಕಲಿತವನ ಕಥೆಯೊಂದುಂಟು. ಆಫ್ರಿಕದ ಮಲಾವಿ ದೇಶದಲ್ಲಿ ವಿಲಿಯಂ ಕಾಮ್‌ಕ್ವಾಂಬಾ ಎಂಬ ರೈತನ ಮಗನು 2001–02ರ ಕ್ಷಾಮದಲ್ಲಿ ಶುಲ್ಕ ತೆರಲಾರದೆ ಶಾಲೆ ಬಿಟ್ಟನು. ಊರಿನ ಸಣ್ಣ ಪುಸ್ತಕಾಲಯದಲ್ಲಿ ಗಾಳಿಯಂತ್ರದ ಚಿತ್ರವಿದ್ದ ಪುಸ್ತಕವೊಂದನ್ನು ಕಂಡು, ಟ್ರ್ಯಾಕ್ಟರಿನ ಫ್ಯಾನು, ತಂದೆಯ ಮುರುಕು ಸೈಕಲ್ಲು, ಸೈಕಲ್ಲಿನ ಡೈನಮೊ, ಕಾಯಿಸಿ ಚಪ್ಪಟೆಮಾಡಿದ ಪ್ಲಾಸ್ಟಿಕ್ ಕೊಳವೆ ಇವುಗಳಿಂದ ಯಂತ್ರವನ್ನು ಕಟ್ಟಿದನು. ಬಿರುಸುಗಾಳಿಗೆ ಸೈಕಲ್ಲಿನ ಸರಪಳಿ ಕಳಚುತ್ತಿದ್ದಿತು, ಗೋಪುರವನ್ನೇರಿ ಸರಿಪಡಿಸುವನು. ಮನೆಯ ಸೂರಿಗೆ ಗೆದ್ದಲು ಹತ್ತಿ, ಮರ ಕುಸಿದು, ತಂತಿಗಳು ಒಂದಕ್ಕೊಂದು ತಗುಲಿ ಬೆಂಕಿ ಹತ್ತುವ ಭಯ ಕಂಡಿತು. ಆಗ ಮೊಳೆಗಳಿಗೆ ತಂತಿ ಸುತ್ತಿ, ನಡುವೆ ಅಯಸ್ಕಾಂತವನ್ನು ತೂಗುಹಾಕಿ, ಪ್ರವಾಹ ಮಿತಿಮೀರಿದರೆ ಸಂಬಂಧ ತಪ್ಪುವಂತೆ ಮಾಡಿದನು. ಕೆಲವು ವರ್ಷಗಳ ಬಳಿಕ ಮಳೆ ತಪ್ಪಿದಾಗ, ಈ ಚಕ್ರವೇ ಮೋಡಗಳನ್ನು ಓಡಿಸುತ್ತಿದೆಯೆಂದು ಊರಿನ ಕೆಲವರು ಆಡಿಕೊಂಡರು. ಮೇರಿಕರ್ಕಿಗೂ ಮಲಾವಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳು!

ಇನ್ನು ನನ್ನ ಶಿಷ್ಯನ ಚಕ್ರದ ವಿಷಯ. ಯಂತ್ರದ ಸಾಮಾನು ಕೊಟ್ಟ ಅಂಗಡಿಯವರು ಎರಡು ತಿಂಗಳು ನಾಳೆ, ನಾಳಿದ್ದು ಎಂದರು. ಕೊನೆಗೆ ಬಂದವನು ಪೇಟೆಯಲ್ಲಿ ಟ್ರ್ಯಾಕ್ಟರುಗಳ ಬ್ಯಾಟರಿ ರಿಪೇರಿ ಮಾಡುವ ಒಬ್ಬ ಮುದುಕ. ನಾವೆಲ್ಲರೂ ಕತ್ತೆತ್ತಿ ರೆಕ್ಕೆಗಳನ್ನು ನೋಡುತ್ತಿದ್ದರೆ ಅವನು ಮೇಲೆ ನೋಡಲೇ ಇಲ್ಲ. ಮೂಲೆಯ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದೇ ಬಿರಡೆ ತೆಗೆದು, ಹೈಡ್ರೋಮೀಟರ್ ಇಳಿಸಿ ನೋಡಿದನು. ನಾಲ್ಕು ಬ್ಯಾಟರಿಗಳಲ್ಲಿ ಎರಡರ ನೀರು ಆರಿ, ಸೀಸದ ಹಲಗೆಗಳು ಹೊರಬಿದ್ದು ಬೂದಿಬಡಿದಂತೆ ಬೆಳ್ಳಗಾಗಿದ್ದುವು. ಕೂಡಿಡುವ ಪಾತ್ರೆಯೇ ಒಡೆದಿದ್ದರೆ ಎಷ್ಟು ಮೊಗೆದು ಹೊಯ್ದರೇನು? ಅವನಿಗೆ ಕೋಪ ಬಂದುದು ಮಾತ್ರ ಮತ್ತೊಂದಕ್ಕೆ. ಪರೀಕ್ಷೆಗೆಂದು ಶಿಷ್ಯನು ಬ್ಯಾಟರಿಯ ತಂತಿಯನ್ನು ಕಳಚಿ, ಚಕ್ರವನ್ನು ಹಾಗೆಯೇ ತಿರುಗಬಿಟ್ಟಿದ್ದನು. “ಹೊರೆಯಿಲ್ಲದೆ ಓಡೋ ಎತ್ತು ಗಾಡಿ ಮುರೀತದೆ ಸ್ವಾಮಿ” ಎಂದು ಮುದುಕನು ಗದರಿದನು. ಹೊರೆಯಿಲ್ಲದ ಚಕ್ರಕ್ಕೆ ವೇಗದ ಮಿತಿಯೇ ಇಲ್ಲವಾಗಿ ರೆಕ್ಕೆಗಳು ಸಿಡಿಯುವುದುಂಟು. ಮೇಲಿನಿಂದ ಇಳಿದ ಮೂರು ತಂತಿಗಳ ತುದಿಗಳನ್ನು, ಗಾಳಿ ತಗ್ಗಿದಾಗ, ಒಂದುಗೂಡಿಸಿ ಬಿಗಿದರೆ ಯಂತ್ರದೊಳಗಿನ ಅಯಸ್ಕಾಂತಗಳ ಬಲವೇ ಅದನ್ನು ತಡೆಯುವುದು. ಕಂಬ ಹತ್ತುವ ಮೊದಲು ಹಾಗೆ ಮಾಡತಕ್ಕದ್ದು. ಆ ಮುದುಕನು ಇದನ್ನು ಯಾವ ಪುಸ್ತಕದಲ್ಲಿ ಓದಿದ್ದನು? ಕೇಳಿದೆ. ತನಗೆ ಓದು ಬಾರದೆಂದನು.

ಈಗ ಶಿಷ್ಯನು ಅಮಾವಾಸ್ಯೆ ಹುಣ್ಣಿಮೆಗೊಮ್ಮೆ ಬಿರಡೆ ತೆಗೆದು ಬಟ್ಟಿಯಿಳಿಸಿದ ನೀರನ್ನು ತುಂಬುತ್ತಾನೆ. ದೀಪ ರಾತ್ರಿ ಹತ್ತು ಗಂಟೆಯವರೆಗೆ ಮಂಕಾಗದೆ ಉರಿಯುತ್ತದೆಯಂತೆ. ಮೊನ್ನೆ ಫೋನಿನಲ್ಲಿ, ಬಾಲದ ಕೀಲು ಕಿರುಗುಟ್ಟುತ್ತಿದೆ ಮೇಷ್ಟ್ರೇ ಎಂದನು. ಮುದುಕನಿಗೆ ಹೇಳಿಕಳುಹಿಸಿದ್ದೇವೆ; ಈ ಬಾರಿ ಅವನೊಡನೆ ಕಂಬದ ಬುಡದಲ್ಲಿ ನಿಂತು ನೋಡಿ ಕಲಿಯಲು ಶಿಷ್ಯನ ಮಗನೂ ಬರುತ್ತಾನೆ.