ಮನೆತನದ ಮಾನ, ಪತ್ತೇದಾರಿ ಕಥೆ ಮತ್ತು ‘ಇಂದಿರಾಬಾಯಿ’

ವಿಕ್ಟೋರಿಯಾ ರಾಣಿಯ ಕಾಲದ ಪತ್ತೇದಾರಿ ಕಥೆಗಳಲ್ಲಿ ಅಪರಾಧದಷ್ಟೇ ಭಯ ಹುಟ್ಟಿಸುವುದು ಲೋಕಾಪವಾದ. ಇಂಗ್ಲೆಂಡಿನಲ್ಲಿ 1857ರ ಕಾಯಿದೆಯಿಂದ ವಿವಾಹ ವಿಚ್ಛೇದನ ಸಿವಿಲ್ ನ್ಯಾಯಾಲಯಕ್ಕೆ ಬಂತು; ದೊಡ್ಡ ಮನೆಗಳ ಗುಟ್ಟುಗಳು ಪತ್ರಿಕೆಗಳಲ್ಲಿ ಅಚ್ಚಾಗತೊಡಗಿದವು. 1860ರಲ್ಲಿ ರೋಡ್ ಹಿಲ್ ಎಂಬ ಮನೆಯಲ್ಲಿ ಮೂರು ವರ್ಷದ ಮಗುವಿನ ಕೊಲೆಯಾಯಿತು. ಪತ್ತೇದಾರ ಜೊನಾಥನ್ ವಿಚರ್, ಕಾಣೆಯಾದ ಒಂದು ರಾತ್ರಿಯಂಗಿಯ ಜಾಡು ಹಿಡಿದು ಆ ಮನೆಯ ಹದಿನಾರರ ಮಗಳನ್ನು ಬಂಧಿಸಿದ. ಬಡವರ ಮನೆಯಿಂದ ಬಂದ ಪೊಲೀಸನೊಬ್ಬ ಮರ್ಯಾದಸ್ಥರ ಹೆಣ್ಣುಮಗಳ ಮೇಲೆ ಅಪವಾದ ಹೊರಿಸಿದನೆಂದು ಜನ ಸಿಟ್ಟಾದರು. 1865ರಲ್ಲಿ ಅವಳೇ ತಪ್ಪೊಪ್ಪಿಕೊಂಡಳು.

ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ಕಾದಂಬರಿಯಲ್ಲೂ ವಜ್ರವೊಂದರ ಕಳವಿಗೆ ಬಣ್ಣ ಮೆತ್ತಿದ ರಾತ್ರಿಯಂಗಿಯೇ ಸುಳಿವು. ತಾನು ಪ್ರೀತಿಸಿದವನ ಹೆಸರು ಕೆಡಬಾರದೆಂದು ನಾಯಕಿ ಕಂಡದ್ದನ್ನು ಹೇಳದೆ ಉಳಿಯುತ್ತಾಳೆ. ಕಥೆಯ ವಜ್ರ 1799ರ ಶ್ರೀರಂಗಪಟ್ಟಣದ ಲೂಟಿಯಲ್ಲಿ ಕದ್ದದ್ದು. ಅದೇ ಯುದ್ಧದ ಫಲವಾಗಿ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು.

ಈ ಕೆನರಾ ಸೀಮೆಯಲ್ಲೂ ಮರ್ಯಾದೆಯ ಕಟ್ಟುಪಾಡು ಬಿಗಿಯಾಗಿತ್ತು. ವಿಧವಾ ವಿವಾಹಕ್ಕೆ 1856ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿದ್ದರೂ ಬ್ರಾಹ್ಮಣ ಮನೆಗಳಲ್ಲಿ ಅದು ಬಹಿಷ್ಕಾರಕ್ಕೆ ದಾರಿಯಾಗುತ್ತಿತ್ತು. ಸಮುದ್ರ ದಾಟಿದವರಿಗೂ ಅದೇ ಗತಿ. ಗುಲ್ವಾಡಿ ವೆಂಕಟರಾಯರು ತಮ್ಮ ‘ಇಂದಿರಾಬಾಯಿ’ಯಲ್ಲಿ ಕೈಗೆತ್ತಿಕೊಂಡದ್ದು ಇದನ್ನೇ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಇದನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನ್ನುತ್ತಾರೆ. ಲೇಖಕರು ಪೊಲೀಸ್ ಇಲಾಖೆಯಲ್ಲಿದ್ದವರು.

ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡ ಇಂದಿರಾ ಸಂತಮಂಡಳಿಯ ಸೇವೆಯಲ್ಲಿ ಕಾಲ ಕಳೆಯಲಿ ಎಂಬುದು ಹೆತ್ತವರ ಹಟ. ಹೊರಗೆ ಭಜನೆ, ಒಳಗೆ ಅನಾಚಾರ ನಡೆಸುವ ಕೂಟ ಅದು. ಅವಳು ಮನೆ ಬಿಟ್ಟು ಅಮೃತರಾಯರೆಂಬವರ ಆಶ್ರಯಕ್ಕೆ ಹೋಗುತ್ತಾಳೆ, ಓದುತ್ತಾಳೆ, ವಿಲಾಯತಿಯಲ್ಲಿ ಕಲಿತು ಬಂದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. 1903ರಲ್ಲಿ ಎಂ. ಇ. ಕೌಚ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಕೃತಿಯನ್ನು ಇಂಗ್ಲಿಷಿಗೆ ತಂದರು.

ಇಂಗ್ಲೆಂಡಿನ ಪತ್ತೇದಾರ ಎಷ್ಟೋ ಸಲ ಮಾನವಂತರ ಗುಟ್ಟನ್ನು ಕಾಯುವವನೂ ಹೌದು. ಕಾನನ್ ಡಾಯ್ಲ್‌ನ ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’ (1891) ಕಥೆಯಲ್ಲಿ ಷರ್ಲಾಕ್ ಹೋಮ್ಸ್‌ಗೆ ಒಪ್ಪಿಸಿದ ಕೆಲಸ, ರಾಜನ ಹೆಸರು ಕೆಡಿಸಬಲ್ಲ ಒಂದು ಫೋಟೋವನ್ನು ಮರಳಿ ತರುವುದು. ಪೊಲೀಸ್ ಅಧಿಕಾರಿ ವೆಂಕಟರಾಯರು ಹಿಡಿದದ್ದು ಬೇರೆ ದಾರಿ. ಅವರ ಕಾದಂಬರಿಯಲ್ಲಿ ಗುಟ್ಟು ರಟ್ಟಾಗುವುದೇ ಸುಧಾರಣೆಯ ಮೊದಲ ಹೆಜ್ಜೆ. ಅಲ್ಲಿ ವಿಚಾರಣೆಗೆ ಒಳಗಾಗುವುದು ಮನೆ ಬಿಟ್ಟ ಹೆಣ್ಣಲ್ಲ, ಅವಳನ್ನು ಆ ಸ್ಥಿತಿಗೆ ತಂದ ಕಟ್ಟುಪಾಡು.