ಗುಟ್ಟು ಮತ್ತು ಹೆಸರು: ರೌಟರುಗಳ ನಡುವಿನ ಗುರುತಿನ ಚರಿತ್ರೆ

ಕನ್ನಡ ಎಂ.ಎ. ಓದುವವರಿಗೆ ರೌಟರಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಗುರುತು ಹೇಳಿಕೊಳ್ಳುವ ಸಮಸ್ಯೆ ನಮ್ಮ ಕಾವ್ಯಗಳಿಗೆ ಹೊಸದಲ್ಲ. ವಾಲ್ಮೀಕಿಯ ಸುಂದರಕಾಂಡದಲ್ಲಿ ಹನುಮಂತ ಉಂಗುರ ತೋರಿಸುತ್ತಾನೆ. ಅವನು ಮರಳುವಾಗ ಸೀತೆ ಚೂಡಾಮಣಿ ಕೊಟ್ಟು, ರಾಮನಿಗೆ ಗುರುತಾಗಲಿ ಎಂದು ತಮ್ಮಿಬ್ಬರ ನಡುವಿನ ಕಾಗೆಯ ಪ್ರಸಂಗವನ್ನೂ ಹೇಳಿ ಕಳಿಸುತ್ತಾಳೆ. ಹೇಳಿದ ಕೂಡಲೇ ಆ ಗುಟ್ಟು ಮೂರನೆಯವನಿಗೂ ಗೊತ್ತಾಯಿತಲ್ಲ! ಹನುಮಂತನಾದ್ದರಿಂದ ಸರಿಹೋಯಿತು.

1992ರ ಅಕ್ಟೋಬರಿನಲ್ಲಿ ಬಂದ ಆರ್‌ಎಫ್‌ಸಿ 1334 ಎಂಬ ದಾಖಲೆ ಎರಡು ದಾರಿ ತೋರಿಸಿತು. ಪ್ಯಾಪ್ ಪಾಸ್‌ವರ್ಡನ್ನು ಇದ್ದ ಹಾಗೇ ತಂತಿಯ ಮೇಲೆ ಕಳಿಸುತ್ತದೆ. ನಡುವೆ ಕದ್ದು ಕೇಳಿದವನಿಗೂ ಅದು ಸಿಕ್ಕಿತು. ಚಾಪ್ ಹಾಗಲ್ಲ. ಒಂದು ರೌಟರ್ ಪ್ರತಿಸಲ ಹೊಸದೊಂದು ಸವಾಲು ಒಡ್ಡುತ್ತದೆ, ಇನ್ನೊಂದು ಅದಕ್ಕೆ ಗುಟ್ಟನ್ನು ಸೇರಿಸಿ ಎಂಡಿ5 ಲೆಕ್ಕ ಮಾಡಿ ಉತ್ತರ ಮಾತ್ರ ಕಳಿಸುತ್ತದೆ. ಗುಟ್ಟು ಮನೆ ಬಿಟ್ಟು ಹೊರಡುವುದೇ ಇಲ್ಲ. 1996ರಲ್ಲಿ ಬಂದ ಆರ್‌ಎಫ್‌ಸಿ 1994 (ಇದು ಸಂಖ್ಯೆ, ಇಸವಿಯಲ್ಲ) ಚಾಪ್ ಒಂದನ್ನೇ ಉಳಿಸಿಕೊಂಡಿತು.

ಸಿಸ್ಕೋದ ಸಿಸಿಎನ್‌ಎ ಪರೀಕ್ಷೆಗೆ ಅಭ್ಯಾಸ ಮಾಡುವವರು ವರ್ಷಗಟ್ಟಲೆ ಎಡವಿದ್ದು ಇಲ್ಲೇ; 2020ರ ಪಠ್ಯಕ್ರಮದಲ್ಲಿ ಈ ಭಾಗ ಇಲ್ಲ. ಎರಡು ರೌಟರುಗಳಿಗೆ ದೇಲಂಪಾಡಿ, ಮುಳ್ಳೇರಿಯ ಎಂದು ಹೆಸರಿಟ್ಟೆವು ಎನ್ನೋಣ. ದೇಲಂಪಾಡಿಯೊಳಗೆ ಬರೆಯಬೇಕಾದ ಬಳಕೆದಾರನ ಹೆಸರು ಮುಳ್ಳೇರಿಯ, ಮುಳ್ಳೇರಿಯದೊಳಗೆ ದೇಲಂಪಾಡಿ. ಪಾಸ್‌ವರ್ಡ್ ಎರಡೂ ಕಡೆ ಒಂದೇ. ಕಲಿಯುವವರು ತಮ್ಮ ಹೆಸರನ್ನೇ ತಮ್ಮಲ್ಲಿ ಬರೆದುಕೊಂಡು ಕೂರುತ್ತಾರೆ. ಆಗ ತಂತಿ ಸರಿಯಿದೆ, ಪ್ರೋಟೋಕಾಲ್ ಮಾತ್ರ ಡೌನ್ ಅಂತ ತೋರಿಸುತ್ತದೆ. ಡೀಬಗ್ ಆದೇಶ ಕೊಟ್ಟು ಸವಾಲು ಯಾವ ಹೆಸರಿನಿಂದ ಬಂತು ಅಂತ ಮೊದಲು ನೋಡಬೇಕು. ಆಮೇಲೆ ಪಾಸ್‌ವರ್ಡಿನ ದೊಡ್ಡಕ್ಷರ ಸಣ್ಣಕ್ಷರ, ಕೊನೆಯಲ್ಲಿ ಕಣ್ಣಿಗೆ ಬೀಳದೆ ಉಳಿದ ಖಾಲಿ ಜಾಗ. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಗುಟ್ಟನ್ನೇ ಅನುಮಾನಿಸುತ್ತಾರೆ, ಹೆಸರನ್ನು ಅನುಮಾನಿಸುವುದಿಲ್ಲ.

ದೇಲಂಪಾಡಿಯ ಕೊನೆಗೆ ಇಂಗ್ಲಿಷಿನ ವೈ ಹಾಕುವುದೋ ಐ ಹಾಕುವುದೋ? ಒಂದು ಕಡೆ ವೈ, ಇನ್ನೊಂದು ಕಡೆ ಐ ಆದರೆ ಯಂತ್ರದ ಪಾಲಿಗೆ ಅವು ಎರಡು ಊರು. ಕಾಸರಗೋಡಿನವರಿಗೆ ಇದು ಲ್ಯಾಬಿನ ಪ್ರಶ್ನೆ ಮಾತ್ರ ಅಲ್ಲ. ಕನ್ನಡದ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ. 2021ರ ಜೂನ್‌ನಲ್ಲಿ ಇಲ್ಲಿನ ಊರುಗಳ ಕನ್ನಡ ಹೆಸರು ಬದಲಾಗುತ್ತದೆ ಎಂಬ ಸುದ್ದಿಗೆ ಕರ್ನಾಟಕದಲ್ಲಿ ವಿರೋಧ ಎದ್ದಿತು, ಅಂಥ ನಿರ್ಧಾರ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಊರಿನವರು ಎರಡು ಹೆಸರಿಗೂ ಓಗೊಡುತ್ತಾರೆ. ರೌಟರ್ ಮಾತ್ರ ಪಟ್ಟಿಯಲ್ಲಿರುವ ಒಂದೇ ಹೆಸರನ್ನು ಹುಡುಕುತ್ತದೆ, ಸಿಗದಿದ್ದರೆ ಸಂಪರ್ಕ ಕಡಿಯುತ್ತದೆ.