ಬಂಬೋ ಎಲ್ಲಿಗೆ ಬರಬೇಕು?

ಗುಜರಾತಿಗೆ ಬಂದು ಸಂಸಾರ ಹೂಡಿದ ನಮ್ಮವರ ಕಿವಿಗೆ ಮೊದಮೊದಲು ತಮಾಷೆಯಾಗಿ ಬೀಳುವ ಮಾತುಗಳಲ್ಲಿ 'ಬಂಬೋ' ಎಂಬುದೂ ಒಂದು. ಬೆಂಕಿ ಆರಿಸುವ ಗಾಡಿಗೆ ಇಲ್ಲಿನ ಹಳೆಯ ತಲೆಯವರು ಹೇಳುವ ಹೆಸರು ಅದು. ಗಾಡಿ ನಿಲ್ಲುವ ಠಾಣೆ 'ಬಂಬಾಖಾನಾ', ಅಲ್ಲಿ ದುಡಿಯುವವನು 'ಬಂಬಾವಾಳಾ'. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದವರು ಮಾತ್ರ ಇದಕ್ಕೆ ನಗುವುದಿಲ್ಲ. ಸ್ನಾನದ ನೀರು ಕಾಯಿಸುವ ತಾಮ್ರದ ಬಂಬ ಅವರ ಬಚ್ಚಲಲ್ಲೂ ಇತ್ತು. ಎರಡಕ್ಕೂ ಮೂಲ ಪೋರ್ಚುಗೀಸರ 'ಬೊಂಬಾ', ಅಂದರೆ ನೀರೆತ್ತುವ ಪಂಪು. ನೀರು ಚಿಮ್ಮಿಸುವ ಯಂತ್ರಕ್ಕೆ ಜನ ಹೀಗೆ ಅಕ್ಕರೆಯಿಂದ ಹೆಸರಿಟ್ಟುಕೊಂಡರು. ಆದರೆ ಆ ಯಂತ್ರವನ್ನು ಕರೆಯುವ ಏರ್ಪಾಡಿಗೆ ಯಾರೂ ಹೆಸರಿಡಲಿಲ್ಲ. ಬೆಂಕಿಯ ಸುದ್ದಿ ಠಾಣೆಗೆ ಮುಟ್ಟುವುದು ಹೇಗೆ, ಮುಟ್ಟಿದ ಮೇಲೆ ಗಾಡಿ ಯಾವ ಓಣಿಗೆ ಹೊರಡಬೇಕೆಂದು ತೀರ್ಮಾನವಾಗುವುದು ಹೇಗೆ ಎಂಬ ಈ ಕಣ್ಣಿಗೆ ಕಾಣದ ಕೆಲಸಕ್ಕೂ ಒಂದು ಚರಿತ್ರೆಯುಂಟು. ಅಹಮದಾಬಾದು, ವಡೋದರಾ, ಸೂರತ್ ಈ ಮೂರು ಊರುಗಳನ್ನು ಮುಂದಿಟ್ಟುಕೊಂಡು ಅದನ್ನಿಷ್ಟು ನೋಡೋಣ.

ಬೆಂಕಿಗೂ ಸೂರತ್ತಿಗೂ ಹಳೆಯ ನಂಟು. 1837ರ ಏಪ್ರಿಲ್ 24ರಂದು ಅಲ್ಲಿನ ಪಾರಸಿ ಗೃಹಸ್ಥರೊಬ್ಬರ ಮನೆಯಲ್ಲಿ ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿದು 9,000ಕ್ಕೂ ಮಿಕ್ಕಿ ಮನೆಗಳನ್ನು ನುಂಗಿತು. ಅದೇ ವರ್ಷ ತಾಪಿ ನದಿ ಉಕ್ಕಿ ಬಂದು, ಬೆಂಕಿ ಬಿಟ್ಟದ್ದನ್ನು ನೀರು ತೆಗೆದುಕೊಂಡಿತು. ಮೊಗಲರ ಕಾಲದ ಆ ಸಿರಿವಂತ ಬಂದರಿನಲ್ಲಿ ಅಂದು ಕರೆಯುವುದಾದರೂ ಯಾರನ್ನು? ಕೂಗೇ ಕರೆ, ನೆರೆಯವರೇ ದಳ, ಕೈಗೆ ಸಿಕ್ಕ ಕೊಡವೇ ಬಂಬೋ.

ನೀರಿನ ಏರ್ಪಾಡು ಮೊದಲು ಬಂತು. 1890ರ ದಶಕದಲ್ಲಿ ಮೂರು ಊರುಗಳಿಗೂ ಕೊಳಾಯಿ ನೀರು ಸಿಕ್ಕಿತು. ಅಹಮದಾಬಾದಿನಲ್ಲಿ ಅದಕ್ಕಾಗಿ ಹೋರಾಡಿದವರು ಊರಿನ ಮೊದಲ ಹತ್ತಿ ಗಿರಣಿ ಕಟ್ಟಿದ ರಣಛೋಡಲಾಲ್ ಛೋಟಾಲಾಲರು; ವಡೋದರೆಗೆ ಆಜವಾ ಕೆರೆಯ ನೀರು ತಂದವರು ಮಹಾರಾಜ ಸಯಾಜಿರಾವ್ ಗಾಯಕವಾಡರು. ನಮ್ಮ ವಿಶ್ವೇಶ್ವರಯ್ಯನವರೂ ಅದೇ ದಶಕದಲ್ಲಿ ಮುಂಬಯಿ ಸರಕಾರದ ಇಂಜಿನಿಯರರಾಗಿ ಸೂರತ್ತಿನಲ್ಲಿ ಕೆಲಸ ಮಾಡಿದ್ದರೆಂಬುದನ್ನು ಇಲ್ಲಿ ಅಭಿಮಾನದಿಂದ ನೆನೆದರೆ ತಪ್ಪಾಗಲಾರದು. ಹೀಗೆ ನೀರು ಸಿಕ್ಕಿತು. ಸುದ್ದಿಗೆ ದಾರಿಯಾಗುವುದು ಉಳಿದಿತ್ತು.

ಆ ದಾರಿಯನ್ನು ಲೋಕ ಆಗಲೇ ಕಂಡುಕೊಂಡಿತ್ತು. ಅಮೆರಿಕದ ಬಾಸ್ಟನ್ ನಗರದಲ್ಲಿ 1852ರಲ್ಲಿ ಚಾನಿಂಗ್ ಎಂಬ ವೈದ್ಯರೂ ಫಾರ್ಮರ್ ಎಂಬ ತಂತ್ರಜ್ಞರೂ ಕೂಡಿ ಬೀದಿ ಬೀದಿಗೆ ಕಬ್ಬಿಣದ ಪೆಟ್ಟಿಗೆ ನಿಲ್ಲಿಸಿ, ಅವನ್ನೆಲ್ಲ ತಂತಿಯಿಂದ ಠಾಣೆಗೆ ಜೋಡಿಸಿದರು. ಬೆಂಕಿ ಕಂಡವನು ಪೆಟ್ಟಿಗೆಯ ಹಿಡಿ ತಿರುಗಿಸಿದರೆ ಸಾಕು. ಒಳಗಿನ ಹಲ್ಲಿನ ಚಕ್ರ ಸುತ್ತಿ, ಆ ಪೆಟ್ಟಿಗೆಯ ಸಂಖ್ಯೆ ಠಾಣೆಯಲ್ಲಿ ಟಕಟಕನೆ ಬಡಿಯುತ್ತಿತ್ತು. ಇದರ ಸೊಗಸು ಏನೆಂದರೆ, ಕರೆಯುವವನು ಬಾಯಿಬಿಡಬೇಕಾಗಿರಲಿಲ್ಲ. ಅವನಿಗೆ ಊರಿನ ಭಾಷೆ ಬಾರದಿರಲಿ, ಓಣಿಯ ಹೆಸರು ಗೊತ್ತಿಲ್ಲದಿರಲಿ, ಭಯದಿಂದ ನಾಲಿಗೆ ಒಣಗಿರಲಿ, ಪೆಟ್ಟಿಗೆಗೆ ತಾನೆಲ್ಲಿದ್ದೇನೆಂಬುದು ಗೊತ್ತಿತ್ತು. ಮುಂದೆ ಬಂದ ಯಂತ್ರಗಳು ಮರೆತದ್ದು ಇದನ್ನೇ. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪೆಟ್ಟಿಗೆಗೂ ಒಂದು ಕೊರತೆಯಿತ್ತು. ಎಲ್ಲಿ ಎಂದು ಹೇಳುತ್ತಿತ್ತು, ಏನು ಎಂದು ಹೇಳುತ್ತಿರಲಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ 'ಫೋರ್ಟ್ ಸ್ಟಿಕೀನ್' ಎಂಬ ಹಡಗಿನ ಒಡಲಲ್ಲಿ ಹೊಗೆ ಕಾಣಿಸಿತು. ಅದರಲ್ಲಿದ್ದುದು ಹತ್ತಿ, ಜೊತೆಗೆ ಸುಮಾರು 1,400 ಟನ್ ಸಿಡಿಮದ್ದು. ವಿಶೇಷ ಅಪಾಯವೆಂದು ದೂರವಾಣಿಯಲ್ಲಿ ತಿಳಿಸಲು ಓಡಿದವನಿಗೆ ಸಿಕ್ಕಿದ್ದು ಡಯಲೇ ಇಲ್ಲದ ಫೋನು. ಆತ ಹತ್ತಿರದ ಬೆಂಕಿಗಂಟೆಯ ಗಾಜು ಒಡೆದ ಎಂದು ಆ ದುರಂತದ ಕಥನಗಳು ಹೇಳುತ್ತವೆ. ಗಂಟೆಯೇನೋ ಬಡಿಯಿತು. ಆದರೆ ಅದು ಮಾಮೂಲಿ ಬೆಂಕಿಯ ಕರೆಯೆಂದು ಮೊದಲು ಹೊರಟದ್ದು ಎರಡೇ ಪಂಪು. ಸಂಜೆ 4 ಗಂಟೆ ದಾಟುತ್ತಲೇ ಹಡಗು ಸಿಡಿಯಿತು. 66 ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು. ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದು ಅವರ ನೆನಪಿಗಾಗಿಯೇ.

ದೂರವಾಣಿಯ ಯುಗದಲ್ಲಿ ಏನು ಉರಿಯುತ್ತಿದೆಯೆಂದು ಹೇಳಬಹುದಾಯಿತು. ಮಾತು ಬಂತು, ವಿಳಾಸ ಹೋಯಿತು. ಲಂಡನ್ನಿನ ವಿಂಪೋಲ್ ಬೀದಿಯಲ್ಲಿ 1935ರಲ್ಲಿ ಐವರು ಹೆಂಗಸರು ಬೆಂಕಿಗೆ ಬಲಿಯಾದಾಗ, ಕರೆ ಮಾಡಿದ ನೆರೆಯವರು ಎಕ್ಸ್‌ಚೇಂಜಿನ ಸರದಿಯಲ್ಲಿ ಕಾದು ಕುಳಿತಿದ್ದರು. ಅವರು ಪತ್ರಿಕೆಗೆ ಬರೆದ ದೂರಿನ ಫಲವಾಗಿ 1937ರಲ್ಲಿ 999 ಎಂಬ ತುರ್ತು ಸಂಖ್ಯೆ ಹುಟ್ಟಿತು. ನಮ್ಮ ದೇಶದಲ್ಲಿ ಬೆಂಕಿಗೆ 101 ಎಂಬುದು ಮಕ್ಕಳ ಬಾಯಲ್ಲೂ ನಿಂತಿತು.

ಅಹಮದಾಬಾದಿನ ಹಳೆಯ ಊರಿನಲ್ಲಿ 101ರ ಕರೆಯನ್ನು ಕಲ್ಪಿಸಿಕೊಳ್ಳಿ. ಖಾಡಿಯಾ, ರಾಯಪುರ, ಕಾಳುಪುರಗಳಲ್ಲಿರುವುದು ಬೀದಿಗಳಲ್ಲ, 'ಪೋಳ'ಗಳು. ಒಂದು ಹೆಬ್ಬಾಗಿಲು, ಅದರೊಳಗೆ ಕವಲೊಡೆದು ಸಾಗುವ ಗಲ್ಲಿ, ಎರಡೂ ಕಡೆ ಮರದ ಕೆತ್ತನೆಯ ಎತ್ತರದ ಮನೆಗಳು. ಎಷ್ಟೋ ಕಡೆ ದೊಡ್ಡ ಗಾಡಿ ಬಾಗಿಲಲ್ಲೇ ನಿಲ್ಲಬೇಕು, ಮುಂದಕ್ಕೆ ಕೊಳವೆಯನ್ನು ಹೆಗಲ ಮೇಲೆ ಹೊತ್ತೇ ಓಡಬೇಕು. ವಿಳಾಸವೆಂದರೆ ಇಲ್ಲಿ ಮನೆಯ ಸಂಖ್ಯೆಯಲ್ಲ. 'ಪಾಸೆ', 'ಸಾಮೆ', ಅಂದರೆ ಇಂಥ ದೇರಾಸರದ ಪಕ್ಕ, ಇಂಥ ಚಬೂತರದ ಎದುರು. ಕರೆ ಎತ್ತಿಕೊಂಡ ಠಾಣೆಯವನು ದಪ್ಪ ದಾಖಲೆ ಪುಸ್ತಕದಲ್ಲಿ ಗಳಿಗೆ, ಸ್ಥಳ, ಕರೆದವರ ಹೆಸರು ಬರೆದು, ಹುಸಿಕರೆಯೋ ಎಂದು ಶಂಕೆ ಬಂದರೆ ತಿರುಗಿ ಫೋನು ಮಾಡಿ ನೋಡಿ, ಗಂಟೆ ಒತ್ತುತ್ತಿದ್ದ. ಅವನ ನಿಜವಾದ ಯಂತ್ರವೆಂದರೆ ಅವನ ತಲೆ. ಯಾವ ಪೋಳಕ್ಕೆ ಎರಡು ಬಾಗಿಲು, ಯಾವುದಕ್ಕೆ ಒಂದೇ, ಯಾವ ಬಾಗಿಲಿನ ಮುಂದೆ ಸಂಜೆ ತರಕಾರಿ ಗಾಡಿಗಳು ನಿಲ್ಲುತ್ತವೆ ಎಂಬುದೆಲ್ಲ ಅಲ್ಲಿತ್ತು. ಇಂಥವನು ನಿವೃತ್ತನಾದ ದಿನ ಠಾಣೆಯ ನಕ್ಷೆಯ ಅರ್ಧ ಅವನೊಂದಿಗೆ ಮನೆಗೆ ಹೋಗುತ್ತಿತ್ತು.

ಆಡಳಿತದ ಒಂದು ವ್ಯತ್ಯಾಸವನ್ನೂ ನಮ್ಮವರು ತಿಳಿದಿರಬೇಕು. ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆ 1964ರ ಕಾಯಿದೆಯಂತೆ ಇಡೀ ರಾಜ್ಯಕ್ಕೆ ಒಂದೇ ಇಲಾಖೆ. ಇಲ್ಲಿ ಹಾಗಲ್ಲ. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಅದು ಆಯಾ ಮಹಾನಗರಪಾಲಿಕೆಯ ಸ್ವಂತ ದಳ. ಗಾಡಿ ಕೊಳ್ಳುವುದು, ನಿಸ್ತಂತು ಹಾಕಿಸುವುದು, ಜನ ನೇಮಿಸುವುದು ಎಲ್ಲವೂ ಪಾಲಿಕೆಯ ಆಯವ್ಯಯದಲ್ಲೇ. ಇದರಿಂದ ಊರಿನ ಪರಿಚಯ ಆಳವಾಗುತ್ತದೆ, ನಿಜ. ಆದರೆ ಬೆಂಕಿ ಪಾಲಿಕೆಯ ಗಡಿ ದಾಟಿದರೆ, ಅಥವಾ ಪಕ್ಕದ ಕಾರ್ಖಾನೆಯ ದಳವನ್ನು ನೆರವಿಗೆ ಕರೆಯಬೇಕಾದರೆ, ಒಬ್ಬರ ಮಾತು ಇನ್ನೊಬ್ಬರ ಯಂತ್ರಕ್ಕೆ ಕೇಳಿಸಬೇಕು. ವಡೋದರಾದಲ್ಲಿ ಇದು ದಿನನಿತ್ಯದ ಪ್ರಶ್ನೆ. 1965ರಲ್ಲಿ ಶುರುವಾದ ಕೋಯಲಿ ತೈಲ ಶುದ್ಧೀಕರಣಾಗಾರವೂ ಅದರ ಸುತ್ತ ಬೆಳೆದ ರಸಗೊಬ್ಬರ, ಪೆಟ್ರೋರಸಾಯನ ಕಾರ್ಖಾನೆಗಳೂ ನಮ್ಮ ಎಷ್ಟೋ ಕುಟುಂಬಗಳನ್ನು ಇಲ್ಲಿಗೆ ಕರೆತಂದಂಥವು. 2024ರ ನವೆಂಬರಿನಲ್ಲಿ ಕೋಯಲಿಯ ಬೆಂಜೀನ್ ಟ್ಯಾಂಕು ಹೊತ್ತಿ ಉರಿದು ಇಬ್ಬರು ತೀರಿಕೊಂಡಾಗ, ಕಾರ್ಖಾನೆಯ ದಳದ ಜೊತೆಗೆ ಹೊರಗಿನ ಗಾಡಿಗಳೂ ಧಾವಿಸಬೇಕಾಯಿತು.

ತಂತಿಯ ಮೇಲೆ ಎಲ್ಲ ಭಾರ ಹಾಕಿದರೆ ಏನಾಗುತ್ತದೆಂಬುದನ್ನು ಈ ನಾಡು ಎರಡು ಸಲ ಕಂಡಿತು. 2001ರ ಜನವರಿ 26ರ ಬೆಳಿಗ್ಗೆ ಭೂಮಿ ನಡುಗಿ ಅಹಮದಾಬಾದಿನಲ್ಲೇ 700ಕ್ಕೂ ಹೆಚ್ಚು ಜನ ಸತ್ತಾಗ, ಊರಿನವರೆಲ್ಲ ಏಕಕಾಲಕ್ಕೆ ಫೋನು ಎತ್ತಿಕೊಂಡರು, ಮಾರ್ಗಗಳು ಕಟ್ಟಿಕೊಂಡವು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರು ಸೂರತ್ತಿನ ಬಹುಭಾಗವನ್ನು ಮುಳುಗಿಸಿದಾಗ ವಿದ್ಯುತ್ತೂ ಹೋಯಿತು, ದೂರವಾಣಿಯೂ ಹೋಯಿತು. ಕರೆ ಬರದಿದ್ದರೆ ಅನಾಹುತವಿಲ್ಲವೆಂದು ಅರ್ಥವಲ್ಲ ಎನ್ನುವುದನ್ನು ಠಾಣೆಗಳು ಹೀಗೆ ಕಲಿಯಬೇಕಾಯಿತು.

2007ರ ಆಗಸ್ಟಿನಲ್ಲಿ ಗುಜರಾತಿಗೆ 108 ಬಂತು. ಅಹಮದಾಬಾದಿನ ಹೊರವಲಯದ ಕಠವಾಡಾದಲ್ಲಿ ಕುಳಿತವರು ಇಡೀ ರಾಜ್ಯದ ಕರೆ ಎತ್ತಿಕೊಳ್ಳತೊಡಗಿದರು. ಆಂಬುಲೆನ್ಸಿಗೆ ಇದು ವರದಾನವೇ ಆಯಿತು. ಬೆಂಕಿಯ ವಿಷಯ ಬೇರೆ. ಸೂರತ್ತಿನಲ್ಲಿ ಹೊತ್ತಿದ ಬೆಂಕಿಯ ಸುದ್ದಿ ಅಹಮದಾಬಾದಿಗೆ ಹೋಗಿ ಸೂರತ್ತಿನ ಪಾಲಿಕೆಗೆ ಮರಳಬೇಕು. ನಡುವೆ ಒಂದು ಕೈ ಬದಲು. ಇಷ್ಟರಲ್ಲಿ ಮೊಬೈಲು ಬಂದು ವಿಳಾಸ ಇನ್ನೂ ದೂರ ಸರಿಯಿತು. ಗೋಡೆಯ ಫೋನಿಗೆ ಕನಿಷ್ಠ ಒಂದು ಮನೆಯಿತ್ತು. ಜೇಬಿನ ಫೋನಿಗೆ ಅದೂ ಇಲ್ಲ. 2016ರಲ್ಲಿ ಮೂರು ನಗರಗಳೂ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿ, ಗೋಡೆ ತುಂಬ ಪರದೆಗಳಿರುವ ನಿಯಂತ್ರಣ ಕೇಂದ್ರಗಳು ಎದ್ದವು. 2025ರ ಆಗಸ್ಟ್ ಕೊನೆಗೆ 112 ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಪೊಲೀಸು, ಬೆಂಕಿ, ಆಂಬುಲೆನ್ಸು ಎಲ್ಲಕ್ಕೂ ಒಂದೇ ಸಂಖ್ಯೆ. ಕರೆ ಬಂದ ಜಾಗ ಪರದೆಯ ಮೇಲೆ ಮೂಡಬೇಕು, ಹತ್ತಿರದ ಗಾಡಿ ಕಾಣಬೇಕು ಎಂಬುದು ಇಂಥ ಏರ್ಪಾಡುಗಳ ಗುರಿ. ಬಾಸ್ಟನ್ನಿನ ಪೆಟ್ಟಿಗೆಗೆ 1852ರಲ್ಲೇ ಗೊತ್ತಿದ್ದ ಸಂಗತಿಯನ್ನು ಇಷ್ಟೆಲ್ಲ ಸುತ್ತಿ ಮತ್ತೆ ಹಿಡಿಯಲು ಹೊರಟಂತಾಯಿತು!

ಹೊಸ ಯಂತ್ರವೆಂದರೆ ಒಳ್ಳೆಯದೇ ಎಂದು ಕಣ್ಣುಮುಚ್ಚಿ ಒಪ್ಪಲು ನಾವು ಸಿದ್ಧರಿಲ್ಲ. ಲಂಡನ್ನಿನ ಆಂಬುಲೆನ್ಸ್ ಸೇವೆ 1992ರ ಅಕ್ಟೋಬರಿನಲ್ಲಿ ಕಾಗದದ ಚೀಟಿಗಳನ್ನು ಬಿಟ್ಟು ಗಣಕಯಂತ್ರವನ್ನು ನಂಬಿತು. ಯಾವ ಗಾಡಿ ಎಲ್ಲಿದೆಯೆಂಬುದೇ ಅದಕ್ಕೆ ತಪ್ಪಿಹೋಗಿ, ಕೆಲವೇ ದಿನಗಳಲ್ಲಿ ಮತ್ತೆ ಚೀಟಿಗೆ ಮರಳಬೇಕಾಯಿತು. ಇಂಗ್ಲೆಂಡಿನ 46 ಅಗ್ನಿಶಾಮಕ ನಿಯಂತ್ರಣ ಕೊಠಡಿಗಳನ್ನು ಮುಚ್ಚಿ 9 ದೊಡ್ಡ ಕೇಂದ್ರ ಮಾಡುವ ಯೋಜನೆ 2004ರಲ್ಲಿ ಶುರುವಾಗಿ 2010ರಲ್ಲಿ ರದ್ದಾಯಿತು. ನೀರಿಗೆ ಹೋದ ಹಣ ಕಡಿಮೆಯೆಂದರೂ 46 ಕೋಟಿ 90 ಲಕ್ಷ ಪೌಂಡು. ಕಟ್ಟಡಗಳು ಎದ್ದವು, ಒಳಗಿನ ಗಣಕ ಏರ್ಪಾಡು ಏಳಲಿಲ್ಲ. ಅದನ್ನು ಬಳಸಬೇಕಾದ ಊರೂರಿನ ದಳದವರನ್ನು ಒಪ್ಪಿಸುವ ಗೋಜಿಗೆ ಮೇಲಿನವರು ಸರಿಯಾಗಿ ಹೋಗಿರಲಿಲ್ಲ. ಖಾಡಿಯಾದ ಪೋಳಗಳನ್ನು ತಲೆಯಲ್ಲಿಟ್ಟುಕೊಂಡಿದ್ದ ಠಾಣೆಯವನನ್ನು ಕೇಳದೆ ಪರದೆಯ ನಕ್ಷೆ ಬರೆದರೂ ಅದೇ ಗತಿ.

ಇನ್ನೊಂದು ಮಾತು. 2019ರ ಮೇ 24ರಂದು ಸೂರತ್ತಿನ ಸರಥಾಣಾದಲ್ಲಿ ತಕ್ಷಶಿಲಾ ಆರ್ಕೇಡ್ ಉರಿದಾಗ, ಮೇಲಂತಸ್ತಿನ ಪಾಠದ ತರಗತಿಯಲ್ಲಿದ್ದ 22 ಎಳೆಯ ಜೀವಗಳು ಹೋದವು. ಮಕ್ಕಳು ಕಿಟಕಿಯಿಂದ ಹಾರುವ ದೃಶ್ಯವನ್ನು ದೇಶವೇ ಕಂಡಿತು. ಅಲ್ಲಿ ಸುದ್ದಿ ಮುಟ್ಟಲಿಲ್ಲವೆಂದಲ್ಲ, ಗಾಡಿ ಬರಲಿಲ್ಲವೆಂದೂ ಅಲ್ಲ. ಬಂದ ಗಾಡಿಯ ಏಣಿ ಮೇಲಿನವರೆಗೆ ಎಟುಕಲಿಲ್ಲ. ಮಹಡಿಗೆ ಹೋಗುವ ಮೆಟ್ಟಿಲು ಮರದ್ದಾಗಿತ್ತು, ಅದೂ ಉರಿದುಹೋಯಿತು. ಕರೆಯ ಯಂತ್ರಕ್ಕೆ ಹಣ ಸುರಿಯುವಾಗ ಏಣಿಯ ಲೆಕ್ಕವನ್ನೂ ಅದೇ ಕಾಗದದಲ್ಲಿ ಬರೆಯಬೇಕು. ಈ ವಿಷಯದಲ್ಲಿ ಪಾಲಿಕೆಗಳನ್ನು ಕೇಳುವ ಹಕ್ಕು ಇಲ್ಲಿ ತೆರಿಗೆ ಕಟ್ಟುವ ನಮಗೂ ಇದೆ, ನಾವು ಹೊರಗಿನವರೆಂಬ ಸಂಕೋಚ ಬೇಕಿಲ್ಲ.

ಪರದೆ ಎಷ್ಟೇ ಚುರುಕಾದರೂ ಅದು ತೋರಿಸುವುದು ನೆಲದ ಮೇಲಿನ ಒಂದು ಚುಕ್ಕಿಯನ್ನು. ಹನ್ನೆರಡು ಅಂತಸ್ತಿನ ಕಟ್ಟಡದಲ್ಲಿ ನೀವು ಎಷ್ಟನೆಯದರಲ್ಲಿದ್ದೀರಿ ಎಂಬುದನ್ನು ಆ ಚುಕ್ಕಿ ಹೇಳಲಾರದು. ಊರಿನಿಂದ ಬಂದ ಅತ್ತೆಗೆ, ಆಗಷ್ಟೇ ಮದುವೆಯಾಗಿ ಬಂದ ಸೊಸೆಗೆ, ಮನೆಯಲ್ಲಿ ಒಂಟಿಯಾಗಿರುವ ಶಾಲೆಯ ಹುಡುಗನಿಗೆ ಆ ಗಳಿಗೆಯಲ್ಲಿ ಮಾತು ಕನ್ನಡದಲ್ಲೇ ಬರುತ್ತದೆ, ಅದು ಸಹಜ. ಆದ್ದರಿಂದ ಒಂದು ರಟ್ಟಿನ ಮೇಲೆ 112, 101 ಎರಡನ್ನೂ ದೊಡ್ಡದಾಗಿ ಬರೆದು, ಕೆಳಗೆ ಕನ್ನಡ ಲಿಪಿಯಲ್ಲೇ 'ಆಗ್ ಲಾಗೀ ಛೆ' ಎಂದು ಬರೆಯಿರಿ. ಬೆಂಕಿ ಹೊತ್ತಿದೆ ಎಂದು ಅದರರ್ಥ. ಆಮೇಲೆ ಸೊಸೈಟಿಯ ಹೆಸರು, ಬ್ಲಾಕು, ಮಾಳಿಗೆ, ಎದುರಿಗಿರುವ ದೇವಸ್ಥಾನ ಅಥವಾ ಬ್ಯಾಂಕು, ಯಾವ ಗೇಟಿನಿಂದ ದೊಡ್ಡ ಗಾಡಿ ಒಳಗೆ ಬರಬಹುದು ಎಂಬುದು. ಇದನ್ನು ನೆರೆಯ ಗುಜರಾತಿ ಮನೆಯವರಿಂದ ಒಮ್ಮೆ ತಿದ್ದಿಸಿಕೊಂಡು ಬಾಗಿಲ ಹಿಂದೆ ತೂಗುಹಾಕುವುದು. ಗೇಟಿನ ಮುಂದೆ ಸ್ಕೂಟರು ನಿಲ್ಲಿಸುವವರ ವಿಷಯವನ್ನು ಸೊಸೈಟಿಯ ಸಭೆಯಲ್ಲಿ ಎತ್ತಲು ಅದೇ ನೆರೆಯವರು ಜೊತೆಗೆ ಬಂದರೂ ಬರಬಹುದು.